ಒಬ್ಬರಿಗೆ 8 ತಿಂಗಳು, ಇನ್ನೊಬ್ಬರಿಗೆ 4 ವರ್ಷ: ಡೋಪಿಂಗ್ ಶಿಕ್ಷೆಯ ಲೆಕ್ಕ ಹೇಗೆ?

ಕ್ರಿಕೆಟಿಗ ಪೃಥ್ವಿ ಶಾಗೆ 8 ತಿಂಗಳು ನಿಷೇಧ. ಕುಸ್ತಿಪಟು ನರಸಿಂಗ್ ಯಾದವ್‌ಗೆ 4 ವರ್ಷ. ಇಬ್ಬರೂ ಮುಂಬೈಯಲ್ಲಿ ಬೆಳೆದ ಆಟಗಾರರು. ಒಬ್ಬರು ವಿರಾರ್‌ನಿಂದ ಲೋಕಲ್ ಹತ್ತಿ ಬಾಂದ್ರಾಕ್ಕೆ ಪ್ರಾಕ್ಟೀಸಿಗೆ ಬರುತ್ತಿದ್ದ ಹುಡುಗ. ಇನ್ನೊಬ್ಬರು ಕಾಂದಿವಲಿಯ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ ಪಳಗಿ, ಮೂರು ಸಲ ಮಹಾರಾಷ್ಟ್ರ ಕೇಸರಿ ಗೆದ್ದ ಪೈಲ್ವಾನ್. ಇಬ್ಬರ ಮೂತ್ರದಲ್ಲೂ ನಿಷೇಧಿತ ಮದ್ದು ಸಿಕ್ಕಿತು. ಇಬ್ಬರೂ ‘ನಾನು ಬೇಕಂತ ತಗೊಂಡಿಲ್ಲ’ ಎಂದರು. ಹಾಗಿದ್ದರೆ ಶಿಕ್ಷೆಯಲ್ಲಿ ಯಾಕಿಷ್ಟು ಅಂತರ?

ಡೊಂಬಿವಲಿ, ಥಾಣೆ, ಮೀರಾ ರೋಡ್ ಕಡೆಯ ನಮ್ಮ ಕನ್ನಡ ಮನೆಗಳಲ್ಲಿ ಇದು ಈಗ ಪೇಪರ್ ಓದಿ ಮಡಚಿಡುವ ಸುದ್ದಿಯಾಗಿ ಉಳಿದಿಲ್ಲ. ಸಂಘದ ವಾರ್ಷಿಕ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡಿದ ಹುಡುಗಿ ನೋಡನೋಡುತ್ತಿದ್ದಂತೆ ಜಿಲ್ಲೆ ದಾಟಿ ರಾಜ್ಯ ಮಟ್ಟಕ್ಕೆ ಹೋಗುತ್ತಾಳೆ. ಕಬಡ್ಡಿ ಆಡುವ ಹುಡುಗನಿಗೆ ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಕ್ರೀಡಾ ಕೋಟಾದಲ್ಲಿ ಕೆಲಸ ಸಿಗಬಹುದು ಎಂದು ಅಪ್ಪ ಅಮ್ಮ ಆಸೆ ಇಟ್ಟುಕೊಂಡಿರುತ್ತಾರೆ. ಕ್ರೀಡಾ ಸಂಸ್ಥೆಯ ನೋಂದಣಿ ಫಾರ್ಮ್‌ಗೆ ಸಹಿ ಹಾಕಿದ ದಿನವೇ ಡೋಪಿಂಗ್ ನಿಯಮಗಳಿಗೂ ಒಪ್ಪಿಕೊಂಡ ಹಾಗೆ ಆಗುತ್ತದೆ. ಆ ನಿಯಮಗಳನ್ನು ಓದಿದವರು ಮಾತ್ರ ತುಂಬಾ ಕಮ್ಮಿ.

ಮದ್ದು ಜಾಸ್ತಿ ಸಿಕ್ಕಿದರೆ ಜಾಸ್ತಿ ಶಿಕ್ಷೆ, ಕಮ್ಮಿ ಸಿಕ್ಕಿದರೆ ಕಮ್ಮಿ ಎಂದು ಹಲವರು ಅಂದುಕೊಂಡಿದ್ದಾರೆ. ಅದು ಹಾಗಲ್ಲ. ಶಿಕ್ಷೆ ಎಷ್ಟು ಎನ್ನುವುದು ಮುಖ್ಯವಾಗಿ ಎರಡು ಪ್ರಶ್ನೆಗಳ ಮೇಲೆ ನಿಂತಿದೆ. ಸಿಕ್ಕಿದ್ದು ಯಾವ ಮದ್ದು? ಅದು ದೇಹದೊಳಗೆ ಬಂದ ದಾರಿ ಯಾವುದು ಎಂದು ಆಟಗಾರ ಪುರಾವೆ ಸಮೇತ ತೋರಿಸಬಲ್ಲರಾ? ಮೊದಲನೆಯದಕ್ಕೆ ಲ್ಯಾಬ್ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಆಟಗಾರ ಮತ್ತು ಅವರ ಮನೆಯವರೇ ಉತ್ತರ ಹುಡುಕಬೇಕು. ಹೆಚ್ಚಿನ ಕೇಸುಗಳು ಸೋಲುವುದು ಈ ಎರಡನೇ ಪ್ರಶ್ನೆಯಲ್ಲಿ ಎಂಬುದು ನನ್ನ ಅಭಿಪ್ರಾಯ. ಅದಕ್ಕಾಗಿಯೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ನಿಯಮ ಯಾರದ್ದು?

ಜಗತ್ತಿನ ಮಟ್ಟದಲ್ಲಿ ಇದನ್ನು ನೋಡಿಕೊಳ್ಳುವುದು ವಾಡಾ, ಅಂದರೆ ವಿಶ್ವ ಡೋಪಿಂಗ್ ತಡೆ ಸಂಸ್ಥೆ. 1999ರಲ್ಲಿ ಶುರುವಾದ ಸಂಸ್ಥೆ, ಮುಖ್ಯ ಕಚೇರಿ ಕೆನಡಾದ ಮಾಂಟ್ರಿಯಲ್‌ನಲ್ಲಿದೆ. ಇದರ ನಿಯಮಾವಳಿ 2004ರಲ್ಲಿ ಜಾರಿಗೆ ಬಂತು. ಈಗ ನಡೆಯುತ್ತಿರುವುದು 2021ರ ನಿಯಮಾವಳಿ. 2027ರ ಜನವರಿ 1ರಿಂದ ಹೊಸದು ಬರುತ್ತದೆ. ನಿಷೇಧಿತ ಮದ್ದುಗಳ ಪಟ್ಟಿ ಮಾತ್ರ ಪ್ರತಿ ವರ್ಷ ಜನವರಿ 1ಕ್ಕೆ ಹೊಸದಾಗುತ್ತದೆ. ಹಾಗಾಗಿ ಹೋದ ವರ್ಷ ಸರಿ ಇದ್ದ ಮಾತ್ರೆ ಈ ವರ್ಷವೂ ಸರಿ ಎಂದು ನಂಬುವ ಹಾಗಿಲ್ಲ.

ನಮ್ಮ ದೇಶದಲ್ಲಿ ಈ ಕೆಲಸ 2005ರಲ್ಲಿ ಹುಟ್ಟಿದ ನಾಡಾದ್ದು, ಅಂದರೆ ರಾಷ್ಟ್ರೀಯ ಡೋಪಿಂಗ್ ತಡೆ ಸಂಸ್ಥೆಯದ್ದು. 2022ರಲ್ಲಿ ಸಂಸತ್ತು ಇದಕ್ಕಾಗಿಯೇ ಕಾನೂನು ಮಾಡಿತು. ಕ್ರಿಕೆಟ್ ಮಂಡಳಿ ಬಹಳ ಕಾಲ ನಾಡಾದಿಂದ ಹೊರಗಿತ್ತು, 2019ರ ಆಗಸ್ಟ್‌ನಲ್ಲಿ ಒಳಗೆ ಬಂತು. ಪೃಥ್ವಿ ಶಾ ಅವರ ಶಿಕ್ಷೆ ಅದಕ್ಕೆ ಸ್ವಲ್ಪ ಮೊದಲಿನದು. ಅದನ್ನು ಮಂಡಳಿಯೇ ಕೊಟ್ಟಿತು, ಆದರೆ ಲೆಕ್ಕ ಹಾಕಿದ್ದು ವಾಡಾ ನಿಯಮದ ಪ್ರಕಾರವೇ. ಮದ್ದು ತೆಗೆದುಕೊಂಡ ಆಟಗಾರನಿಗೆ ನಮ್ಮಲ್ಲಿ ಜೈಲು ಇಲ್ಲ, ಇದು ಕ್ರಿಮಿನಲ್ ಕೇಸ್ ಅಲ್ಲ. ಹಾಗಂತ ಸಣ್ಣ ವಿಷಯವೂ ಅಲ್ಲ. ಇಪ್ಪತ್ತು ವರ್ಷದ ಓಟಗಾರ್ತಿಗೆ 4 ವರ್ಷ ನಿಷೇಧ ಅಂದರೆ ಅವಳ ಆಟದ ಆಯಸ್ಸಿನ ಅರ್ಧ ಹೋಯಿತು ಅಂತಲೇ ಲೆಕ್ಕ.

ವಾಡಾದ 2023ರ ಅಂಕಿ ಅಂಶಗಳಲ್ಲಿ ಭಾರತದ್ದು ಪರೀಕ್ಷೆಗೆ ಕೊಟ್ಟ 5,600ಕ್ಕೂ ಹೆಚ್ಚು ಮಾದರಿಗಳು. 200ಕ್ಕೂ ಹೆಚ್ಚು ಫೇಲ್, ಅಂದರೆ ನೂರಕ್ಕೆ 3.8. ದೊಡ್ಡ ಮಟ್ಟದಲ್ಲಿ ಪರೀಕ್ಷೆ ಮಾಡುವ ದೇಶಗಳಲ್ಲಿ ಇದೇ ಅತಿ ಹೆಚ್ಚು. ಅದೇ ವರ್ಷದ ಕೊನೆಯಲ್ಲಿ ಗೋವಾದಲ್ಲಿ ರಾಷ್ಟ್ರೀಯ ಕ್ರೀಡಾಕೂಟ ನಡೆಯಿತು. ಅಲ್ಲಿ ಕೊಟ್ಟ ಮಾದರಿಗಳಲ್ಲೂ ಹಲವರು ಸಿಕ್ಕಿಬಿದ್ದರು. ಇದರಲ್ಲಿ ಮೋಸ ಮಾಡಿದವರೆಷ್ಟು, ಗೊತ್ತಿಲ್ಲದೆ ನುಂಗಿದವರೆಷ್ಟು ಎಂದು ಅಂಕಿ ಹೇಳುವುದಿಲ್ಲ.

ಸಿಕ್ಕಿದರೆ ತಪ್ಪು, ಅಷ್ಟೇ

ಡೋಪಿಂಗ್ ನಿಯಮದ ಬುಡದಲ್ಲಿರುವುದು ಒಂದೇ ಮಾತು. ನಿಮ್ಮ ದೇಹದೊಳಗೆ ಏನಿದೆಯೋ ಅದಕ್ಕೆ ನೀವೇ ಹೊಣೆ. ದಾದರ್ ಸ್ಟೇಷನ್ನಿನಲ್ಲಿ ಟಿಸಿ ಹಿಡಿದಾಗ ‘ಕೌಂಟರ್‌ನಲ್ಲಿ ಕ್ಯೂ ಉದ್ದ ಇತ್ತು’ ಅಂದರೂ ಟಿಕೆಟ್ ಇಲ್ಲದ ತಪ್ಪು ತಪ್ಪೇ ಅಲ್ವಾ, ಹಾಗೆ. ಕೋಚ್ ಕೊಟ್ಟಿದ್ದು, ಡಾಕ್ಟರ್ ಬರೆದಿದ್ದು, ಅಮ್ಮ ಪ್ರೀತಿಯಿಂದ ಕುಡಿಸಿದ್ದು, ಯಾವುದೂ ತಪ್ಪನ್ನು ಅಳಿಸುವುದಿಲ್ಲ. ಆ ಪಂದ್ಯದ ಫಲಿತಾಂಶ, ಪದಕ, ಬಹುಮಾನದ ದುಡ್ಡು ಹೋಗುತ್ತದೆ. ‘ಗೊತ್ತಿರಲಿಲ್ಲ’ ಎಂಬ ಮಾತಿಗೆ ಬೆಲೆ ಬರುವುದು ಅದರ ನಂತರ, ನಿಷೇಧ ಎಷ್ಟು ದಿನ ಎಂದು ತೀರ್ಮಾನ ಮಾಡುವಾಗ.

ಇನ್ನು ಪ್ರಮಾಣದ ಮಾತು. ಕೆಲವೇ ಮದ್ದುಗಳಿಗೆ ಮಿತಿ ಇದೆ. ಆಸ್ತಮಾದವರು ಬಳಸುವ ಸಾಲ್ಬ್ಯುಟಮಾಲ್ ಇನ್‌ಹೇಲರ್‌ಗೆ ದಿನಕ್ಕೆ 1,600 ಮೈಕ್ರೋಗ್ರಾಂ ತನಕ ಅನುಮತಿ ಇದೆ, ಯಾವುದೇ 8 ಗಂಟೆಯಲ್ಲಿ 600 ಮೀರಬಾರದು. ಬಹುತೇಕ ಮದ್ದುಗಳಿಗೆ ಅಂಥ ಮಿತಿ ಇಲ್ಲ. ಇಟಲಿಯ ಟೆನಿಸ್ ಆಟಗಾರ ಯಾನಿಕ್ ಸಿನ್ನರ್ ದೇಹದಲ್ಲಿ 2024ರಲ್ಲಿ ಸಿಕ್ಕ ಕ್ಲೋಸ್ಟೆಬಾಲ್ ಎಂಬ ಸ್ಟೀರಾಯ್ಡ್ ಲೆಕ್ಕಕ್ಕೆ ಸಿಗದಷ್ಟು ಚೂರು. ಆದರೂ ಕೇಸ್ ನಡೆಯಿತು. ಮಸಾಜ್ ಮಾಡುವವರು ತಮ್ಮ ಬೆರಳಿನ ಗಾಯಕ್ಕೆ ಹಾಕಿಕೊಂಡಿದ್ದ ಸ್ಪ್ರೇ ಅವರ ಕೈಯಿಂದ ಇವರ ಮೈಗೆ ಇಳಿದಿತ್ತು. ಆ ದಾರಿಯನ್ನು ತೋರಿಸಲು ಸಿನ್ನರ್‌ಗೆ ಸಾಧ್ಯವಾಯಿತು. ಮೊದಲ ತೀರ್ಪಿನಲ್ಲಿ ನಿಷೇಧವೇ ಇರಲಿಲ್ಲ. ವಾಡಾ ಮೇಲ್ಮನವಿ ಹಾಕಿದ ಮೇಲೆ 2025ರ ಫೆಬ್ರವರಿಯಲ್ಲಿ 3 ತಿಂಗಳಿಗೆ ಒಪ್ಪಂದವಾಯಿತು. ತಮ್ಮ ಜೊತೆ ಕೆಲಸ ಮಾಡುವವರ ಅಜಾಗ್ರತೆಗೂ ಆಟಗಾರರೇ ಬೆಲೆ ತೆತ್ತರು.

ಮೊದಲ ಪ್ರಶ್ನೆ: ಯಾವ ಮದ್ದು?

ಪಟ್ಟಿ ಉದ್ದ ಇದೆ. ಶಿಕ್ಷೆಯ ಲೆಕ್ಕಕ್ಕೆ ಅದನ್ನು ಮೂರು ಭಾಗ ಮಾಡಿ ನೋಡಿದರೆ ಸಾಕು.

ಮೊದಲ ಭಾಗದಲ್ಲಿ ಸ್ಟೀರಾಯ್ಡ್, ಗ್ರೋತ್ ಹಾರ್ಮೋನ್, ರಕ್ತ ಹೆಚ್ಚಿಸುವ ಇಪಿಒ ಥರದವು ಬರುತ್ತವೆ. ಇವು ಮೈಯಲ್ಲಿ ಸಿಕ್ಕರೆ 4 ವರ್ಷದಿಂದಲೇ ಲೆಕ್ಕ ಶುರು. ಬೇಕಂತ ಮಾಡಿದ್ದಲ್ಲ ಎಂದು ಆಟಗಾರ ಸಾಬೀತು ಮಾಡಿದರೆ 2ಕ್ಕೆ ಇಳಿಯುತ್ತದೆ. ಎರಡನೇ ಭಾಗದಲ್ಲಿ ಬೇರೆ ಕಾರಣಕ್ಕೂ ದೇಹ ಸೇರಬಹುದಾದವು ಇವೆ. ಕೆಮ್ಮಿನ ಸಿರಪ್‌ನಲ್ಲಿರುವ ಟರ್ಬ್ಯುಟಲಿನ್, ಬಿಪಿ ಮಾತ್ರೆಯಲ್ಲಿ ಇರುವ ಮೂತ್ರವರ್ಧಕ, ಮಂಡಿನೋವಿಗೆ ಚುಚ್ಚುವ ಕಾರ್ಟಿಸೋನ್ ಜಾತಿಯ ಇಂಜೆಕ್ಷನ್, ಜಿಮ್ ಪುಡಿಗಳಲ್ಲಿ ಬರುವ ಕೆಲವು ಉತ್ತೇಜಕಗಳು. ಇಲ್ಲಿ ಲೆಕ್ಕ 2 ವರ್ಷದಿಂದ ಶುರು. ಅದನ್ನು 4ಕ್ಕೆ ಏರಿಸಬೇಕಾದರೆ ಆಟಗಾರ ಬೇಕಂತಲೇ ಮಾಡಿದ್ದಾರೆ ಎಂದು ಸಂಸ್ಥೆ ಸಾಬೀತು ಮಾಡಬೇಕು.

ಗಮನಿಸಿ, ಬದಲಾಗಿದ್ದು ಬರೀ ವರ್ಷ ಅಲ್ಲ. ಸಾಬೀತು ಮಾಡುವ ಭಾರ ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ಹೋಯಿತು. ಪೃಥ್ವಿ ಶಾ ಮತ್ತು ನರಸಿಂಗ್ ಯಾದವ್ ನಡುವಿನ ಅಂತರ ಇಲ್ಲಿಂದಲೇ ಶುರುವಾಗುತ್ತದೆ. ಶಾ ಮಾದರಿಯಲ್ಲಿ ಸಿಕ್ಕಿದ್ದು ಟರ್ಬ್ಯುಟಲಿನ್, ನರಸಿಂಗ್ ಮಾದರಿಯಲ್ಲಿ ಸಿಕ್ಕಿದ್ದು ಮೆಥಾಂಡಿನೋನ್ ಎಂಬ ಸ್ಟೀರಾಯ್ಡ್.

‘ಬೇಕಂತ’ ಎನ್ನುವುದಕ್ಕೂ ನಿಯಮದಲ್ಲಿ ಸ್ವಲ್ಪ ಅಗಲವಾದ ಅರ್ಥವಿದೆ. ಮೋಸ ಮಾಡಲೆಂದೇ ತೆಗೆದುಕೊಂಡಿರಬೇಕು ಅಂತೇನಿಲ್ಲ. ಇದರಲ್ಲಿ ದೊಡ್ಡ ಅಪಾಯ ಇದೆ ಎಂದು ಗೊತ್ತಿದ್ದೂ ‘ಏನಾಗಲ್ಲ ಬಿಡು’ ಎಂದು ನುಂಗಿದರೂ ಅದು ಬೇಕಂತ ಮಾಡಿದ್ದೇ.

ಮೂರನೇ ಭಾಗ ಗೋವಾದಲ್ಲಿರುವವರು ಗಮನಿಸಬೇಕಾದ್ದು. ಗಾಂಜಾ, ಕೊಕೇನ್, ಎಂಡಿಎಂಎ, ಹೆರಾಯಿನ್. ಇವನ್ನು ಪಂದ್ಯದ ಹೊತ್ತಿನಲ್ಲಿ ನಿಷೇಧಿಸಲಾಗಿದೆ, ಮತ್ತು ಪಂದ್ಯದ ಹೊತ್ತು ಶುರುವಾಗುವುದು ಹಿಂದಿನ ದಿನ ರಾತ್ರಿ 11 ಗಂಟೆ 59 ನಿಮಿಷಕ್ಕೆ. ಆದರೆ ಎರಡು ಮೂರು ದಿನ ಮೊದಲು ಪಾರ್ಟಿಯಲ್ಲಿ ಸೇದಿದ್ದರ ಗುರುತು ಪಂದ್ಯದ ದಿನವೂ ಮೂತ್ರದಲ್ಲಿ ಇರಬಹುದು. ಪಂದ್ಯದ ಹೊರಗೆ ಬಳಸಿದ್ದು, ಆಟಕ್ಕೂ ಇದಕ್ಕೂ ಸಂಬಂಧ ಇಲ್ಲ ಎಂದು ಆಟಗಾರ ತೋರಿಸಿದರೆ 3 ತಿಂಗಳು. ಒಪ್ಪಿತ ಚಿಕಿತ್ಸೆ ಮುಗಿಸಿದರೆ ಅದು 1 ತಿಂಗಳಿಗೂ ಇಳಿಯಬಹುದು. ಹುಡುಗರನ್ನು ಚಟದಿಂದ ಹೊರತರಲು ನಿಯಮವೇ ದಾರಿ ಮಾಡಿಕೊಟ್ಟಿದೆ, ನನಗೆ ಇದು ತುಂಬಾ ಒಳ್ಳೆಯದೆನಿಸುತ್ತದೆ.

ಎರಡನೇ ಪ್ರಶ್ನೆ: ಹೇಗೆ ಬಂತು?

ಪೃಥ್ವಿ ಶಾ 2019ರ ಫೆಬ್ರವರಿ 22ರಂದು ಇಂದೋರ್‌ನಲ್ಲಿ ಸೈಯದ್ ಮುಷ್ತಾಕ್ ಅಲಿ ಟ್ರೋಫಿ ನಡೆಯುವಾಗ ಮಾದರಿ ಕೊಟ್ಟಿದ್ದರು. ಆಗ ಅವರಿಗೆ 19 ವರ್ಷ. ಕೆಮ್ಮಿಗೆ ಸಿರಪ್ ಕುಡಿದಿದ್ದೆ ಎಂದು ತಪ್ಪು ಒಪ್ಪಿಕೊಂಡರು. ಮಂಡಳಿ ಆ ವಿವರಣೆಯನ್ನು ನಂಬಿತು. 2 ವರ್ಷದಿಂದ ಶುರುವಾಗಬೇಕಾದ ಲೆಕ್ಕ 8 ತಿಂಗಳಿಗೆ ಇಳಿಯಿತು. ಬೇಗ ಒಪ್ಪಿಕೊಂಡಿದ್ದಕ್ಕೆ ನಿಷೇಧವನ್ನು ಹಿಂದಿನ ದಿನಾಂಕದಿಂದ, ಮಾರ್ಚ್ 16ರಿಂದ, ಎಣಿಸಿದರು. ತೀರ್ಪು ಬಂದದ್ದು ಜುಲೈ ಕೊನೆಗೆ, ನವೆಂಬರ್ 15ಕ್ಕೆ ನಿಷೇಧ ಮುಗಿಯಿತು.

ನರಸಿಂಗ್ ಯಾದವ್ ಕತೆ ಬೇರೆ. 2016ರ ಜೂನ್‌ನಲ್ಲಿ ಕೊಟ್ಟ ಮಾದರಿ ಫೇಲ್. ಸೋನೆಪತ್‌ನ ಶಿಬಿರದಲ್ಲಿ ಯಾರೋ ತನ್ನ ಊಟ ಅಥವಾ ಪಾನೀಯದಲ್ಲಿ ಮದ್ದು ಬೆರೆಸಿದ್ದಾರೆ ಎಂದರು. ನಾಡಾದ ಶಿಸ್ತು ಸಮಿತಿ ಅದನ್ನು ಒಪ್ಪಿತು, ಆಗಸ್ಟ್ 1ರಂದು ಅವರನ್ನು ಬಿಟ್ಟಿತು. ಅವರು ರಿಯೋ ಒಲಿಂಪಿಕ್ಸ್‌ಗೆ ಹೋದರು. ವಾಡಾ ಮಾತ್ರ ಒಪ್ಪಲಿಲ್ಲ, ಇಂಥ ಕೇಸುಗಳ ಮೇಲ್ಮನವಿ ಕೇಳುವ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯಕ್ಕೆ ಹೋಯಿತು. ಬೆರೆಸಿದ್ದಾರೆ ಎನ್ನಲು ಗಟ್ಟಿ ಪುರಾವೆ ಇಲ್ಲ ಎಂದು ನ್ಯಾಯಾಲಯ ಹೇಳಿತು. ದೇಹದಲ್ಲಿದ್ದ ಮದ್ದಿನ ಮಟ್ಟ ಪುಡಿ ಬೆರೆಸಿದ ಪಾನೀಯಕ್ಕಿಂತ ಮಾತ್ರೆ ನುಂಗಿದ್ದಕ್ಕೆ ಹೊಂದುತ್ತದೆ ಎಂಬ ತಜ್ಞರ ಮಾತನ್ನು ಅದು ಎತ್ತಿ ಹಿಡಿಯಿತು. ಆಗಸ್ಟ್ 18ರಂದು 4 ವರ್ಷ ನಿಷೇಧ. ಮರುದಿನ ಅವರ ಕುಸ್ತಿ ಇತ್ತು.

ಅಖಾಡಕ್ಕೆ ಇಳಿಯುವ ಹಿಂದಿನ ದಿನ ಹೀಗಾಯಿತು ಎಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೂ ಇದನ್ನು ಅರ್ಥ ಮಾಡಿಕೊಳ್ಳಲೇಬೇಕು. ‘ಯಾರೋ ಬೆರೆಸಿರಬಹುದು’ ಎನ್ನುವುದು ಸಾಕಾಗುವುದಿಲ್ಲ. ಬೆರೆಸಿದ್ದೇ ಹೆಚ್ಚು ಸಾಧ್ಯ ಎಂದು ತಕ್ಕಡಿ ನಿಮ್ಮ ಕಡೆ ಬಾಗಬೇಕು. ಆಟಗಾರನಿಗೆ ನಿಯಮ ಇಟ್ಟಿರುವ ಅಳತೆ ಇದು. ಬೇರೆ ದಾರಿಗಳು ಇಲ್ಲ ಎಂದು ತೋರಿಸಿದರೆ ಸಾಲದು, ಇದೇ ದಾರಿ ಎಂದು ತೋರಿಸಬೇಕು.

ಇನ್ನೊಂದು ಹೆಸರು ನಮ್ಮ ಕರಾವಳಿಯದೇ. ಕುಂದಾಪುರ ಕಡೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ, ರಿಲೇ ಚಿನ್ನ. ಮುಂಬೈಯ ನಮ್ಮ ಊರಿನವರ ಮನೆಗಳಲ್ಲಿ ಆ ಸಂಜೆ ಎಷ್ಟು ಸಂಭ್ರಮ ಇತ್ತು ಎಂದು ಕಂಡವರಿಗೆ ಗೊತ್ತು. ಮರುವರ್ಷ ಅವರೂ ಕೆಲವು ಜೊತೆಗಾರ್ತಿಯರೂ ಡೋಪ್ ಪರೀಕ್ಷೆಯಲ್ಲಿ ಫೇಲ್. ಸಿಕ್ಕಿದ್ದು ಅದೇ ಮೆಥಾಂಡಿನೋನ್. ಉಕ್ರೇನ್‌ನ ಕೋಚ್ ಕೊಟ್ಟ ಜಿನ್ಸೆಂಗ್‌ನಿಂದ ಬಂದಿದೆ ಎಂದರು. ಆಗಿನ ನಿಯಮದಲ್ಲಿ ಇದಕ್ಕೆ 2 ವರ್ಷ. ದೇಶದ ಸಮಿತಿ ದೊಡ್ಡ ತಪ್ಪಲ್ಲ ಎಂದು ಅರ್ಧ ಕಡಿಮೆ ಮಾಡಿ 1 ವರ್ಷ ಕೊಟ್ಟಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಮೇಲ್ಮನವಿ ಹಾಕಿತು. 2012ರಲ್ಲಿ ಕ್ರೀಡಾ ನ್ಯಾಯಾಲಯ ಪೂರ್ತಿ 2 ವರ್ಷ ಮಾಡಿತು. ಕೋಚ್ ಕೊಟ್ಟರು ಎಂಬ ನಂಬಿಕೆ ಅಲ್ಲಿ ನಡೆಯಲಿಲ್ಲ.

ಹಾಗಾಗಿ ‘ಹೇಗೆ ಬಂತು’ ಎಂಬುದಕ್ಕೆ ಉತ್ತರ ಸಿಕ್ಕ ಮೇಲೂ ಒಂದು ಮೆಟ್ಟಿಲು ಉಳಿದಿರುತ್ತದೆ. ಆಟಗಾರ ಎಷ್ಟು ಎಚ್ಚರ ವಹಿಸಿದ್ದರು? ಡಾಕ್ಟರಿಗೆ ‘ನಾನು ಆಟಗಾರ, ನನಗೆ ಡೋಪ್ ಪರೀಕ್ಷೆ ಇರುತ್ತದೆ’ ಎಂದು ಹೇಳಿದ್ದರಾ? ಲೇಬಲ್ ಓದಿದ್ದರಾ? ಸ್ವಲ್ಪವೂ ತಪ್ಪಿಲ್ಲ ಎಂದಾದರೆ ನಿಷೇಧವೇ ಇರುವುದಿಲ್ಲ, ಆದರೆ ಅದು ಅಪರೂಪ. ದೊಡ್ಡ ತಪ್ಪಿಲ್ಲ ಎಂದಾದರೆ ಎರಡನೇ ಭಾಗದ ಮದ್ದಿಗೆ ಬರೀ ಎಚ್ಚರಿಕೆಯಿಂದ ಹಿಡಿದು 2 ವರ್ಷದ ತನಕ ಎಷ್ಟಾದರೂ ಆಗಬಹುದು. ಮೊದಲ ಭಾಗದ್ದಾದರೆ ಸಾಮಾನ್ಯವಾಗಿ ಅರ್ಧಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಒಂದು ಬಾಟಲಿ, ಒಂದು ಡಬ್ಬ

ಡೊಂಬಿವಲಿಯ ಒಬ್ಬ ತಾಯಿ ನನಗೆ ಆಗಾಗ ಫೋನ್ ಮಾಡುತ್ತಾರೆ. ‘ಅಣ್ಣಾ, ಮಗಳಿಗೆ ಕೆಮ್ಮು ಬಿಡ್ತಾ ಇಲ್ಲ. ನಾಡಿದ್ದು ಮೀಟ್ ಇದೆ. ಮೆಡಿಕಲ್‌ನವರು ಇದು ಕೊಟ್ಟರು, ಕುಡಿಸಬಹುದಾ?’ ಎಂದು ಬಾಟಲಿಯ ಫೋಟೋ ಕಳಿಸಿದರು. ಮುಂದೆ ದೊಡ್ಡ ಅಕ್ಷರದಲ್ಲಿ ಬ್ರ್ಯಾಂಡ್ ಹೆಸರು. ಅದರಿಂದ ಏನೂ ಗೊತ್ತಾಗುವುದಿಲ್ಲ. ಹಿಂದಿನ ಲೇಬಲ್ಲಿನ ಫೋಟೋ ಬೇಕೆಂದೆ. ಸಾಸಿವೆಯಷ್ಟು ಅಕ್ಷರದಲ್ಲಿ ಮೂರು ಸಾಲು: ಟರ್ಬ್ಯುಟಲಿನ್ ಸಲ್ಫೇಟ್, ಬ್ರೋಮ್‌ಹೆಕ್ಸಿನ್, ಗ್ವಾಯ್‌ಫೆನೆಸಿನ್. ಮೊದಲನೆಯದೇ ನಿಷೇಧಿತ, ಪಂದ್ಯ ಇರಲಿ ಇಲ್ಲದಿರಲಿ. ‘ಬೇಡಮ್ಮ, ಡಾಕ್ಟರ ಹತ್ತಿರ ಹೋಗಿ, ಮಗಳು ಓಡುವವಳು ಅಂತ ಮೊದಲೇ ಹೇಳಿ’ ಎಂದೆ. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಇಂಥ ಸಿರಪ್‌ಗಳು ಕೇಳಿದ ತಕ್ಷಣ ಸಿಗುತ್ತವೆ. ಯೂಸುಫ್ ಪಠಾಣ್ ಅವರಿಗೂ ಟರ್ಬ್ಯುಟಲಿನ್‌ನಿಂದಲೇ 5 ತಿಂಗಳ ನಿಷೇಧವಾಗಿತ್ತು, ಅದು ಪ್ರಕಟವಾದದ್ದು 2018ರ ಜನವರಿಯಲ್ಲಿ. ಅದಾಗಿ ವರ್ಷ ಕಳೆದ ಮೇಲೂ ಪೃಥ್ವಿ ಶಾ ಅದಕ್ಕೇ ಸಿಕ್ಕಿಬಿದ್ದರು.

ಮದ್ದಿನ ಹೆಸರು ನೋಡಿಕೊಳ್ಳಲು ನಾಡಾದ ‘ನೋ ಯುವರ್ ಮೆಡಿಸಿನ್’ ಆ್ಯಪ್ ಇದೆ. ಬ್ರ್ಯಾಂಡಿನ ಜೊತೆ ಒಳಗಿರುವ ಪದಾರ್ಥದ ಹೆಸರನ್ನೂ ಹಾಕಿ ಹುಡುಕಬೇಕು.

ಕಾಯಿಲೆಗೆ ನಿಷೇಧಿತ ಮದ್ದೇ ಬೇಕಾದರೆ? ಸಕ್ಕರೆ ಕಾಯಿಲೆಯ ಮಗುವಿಗೆ ಇನ್ಸುಲಿನ್ ಬೇಕೇ ಬೇಕು, ಮತ್ತು ಇನ್ಸುಲಿನ್ ನಿಷೇಧಿತ ಪಟ್ಟಿಯಲ್ಲಿದೆ. ಇದಕ್ಕೆ ಚಿಕಿತ್ಸಾ ವಿನಾಯಿತಿ ಎಂಬ ವ್ಯವಸ್ಥೆ ಇದೆ. ಡಾಕ್ಟರ ದಾಖಲೆ, ರಿಪೋರ್ಟುಗಳ ಜೊತೆ ಅರ್ಜಿ ಹಾಕಬೇಕು. ಸಾಮಾನ್ಯವಾಗಿ ಮದ್ದು ಶುರು ಮಾಡುವ ಮೊದಲೇ. ತುರ್ತು ಚಿಕಿತ್ಸೆಯಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಆಮೇಲೆ ಕೇಳಬಹುದು. ಡಾಕ್ಟರ ಚೀಟಿ ಇದೆ ಎಂದ ಮಾತ್ರಕ್ಕೆ ವಿನಾಯಿತಿ ಸಿಕ್ಕಿದ ಹಾಗಲ್ಲ.

ಇನ್ನು ಡಬ್ಬದ ವಿಷಯ. ಪುಣೆಯ ಯಾವ ಏರಿಯಾಕ್ಕೆ ಹೋದರೂ ಜಿಮ್‌ನ ಕೌಂಟರ್‌ನಲ್ಲಿ ಪ್ರೋಟೀನ್, ಪ್ರಿ-ವರ್ಕೌಟ್ ಡಬ್ಬಗಳ ಸಾಲು ಕಾಣುತ್ತದೆ. ಲೇಬಲ್‌ನಲ್ಲಿ ಇಲ್ಲದ್ದು ಒಳಗಿದ್ದರೆ ನಿಯಮ ಅದನ್ನು ಕಲಬೆರಕೆ ಎನ್ನುತ್ತದೆ, ಶಿಕ್ಷೆ ಕಡಿಮೆ ಆಗುವ ಬಾಗಿಲು ತೆರೆಯುತ್ತದೆ. ಲೇಬಲ್‌ನಲ್ಲೇ ಬರೆದಿದ್ದರೆ, ಅಥವಾ ನೆಟ್‌ನಲ್ಲಿ ಸ್ವಲ್ಪ ಹುಡುಕಿದರೆ ಸಿಗುವಂತಿದ್ದರೆ, ಆ ಬಾಗಿಲು ಮುಚ್ಚಿತು. ಕಲಬೆರಕೆ ಎಂದು ತೋರಿಸುವುದಕ್ಕೂ ಪುರಾವೆ ಬೇಕು. ತೆರೆದ ಡಬ್ಬವನ್ನು ಲ್ಯಾಬ್‌ಗೆ ಕೊಟ್ಟರೆ ‘ನೀವೇ ಬೆರೆಸಿಲ್ಲ ಎನ್ನುವುದಕ್ಕೆ ಏನು ಗ್ಯಾರಂಟಿ’ ಎಂಬ ಪ್ರಶ್ನೆ ಬರುತ್ತದೆ. ಅದೇ ಬ್ಯಾಚ್‌ನ ಸೀಲ್ ಒಡೆಯದ ಡಬ್ಬಕ್ಕೆ ತೂಕ ಜಾಸ್ತಿ. ಬಿಲ್ ಇಲ್ಲದೆ, ಪುಡಿಯನ್ನು ಬೇರೆ ಡಬ್ಬಕ್ಕೆ ಸುರಿದುಕೊಂಡು ಬಳಸುವ ಹುಡುಗರನ್ನು ನೋಡಿದಾಗ ನನಗೆ ನಿಜವಾಗಿ ಭಯವಾಗುತ್ತದೆ. ನಾಳೆ ಏನಾದರೂ ಸಿಕ್ಕರೆ ಅವರ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಗಿಡಮೂಲಿಕೆಯದ್ದು ಎಂದು ನಂಬುವುದೂ ಬೇಡ. ಅಶ್ವಿನಿ ಅವರ ಕೇಸಿನಲ್ಲಿ ಹೆಸರು ಬಂದದ್ದು ಜಿನ್ಸೆಂಗ್‌ನದ್ದೇ.

ಮಾದರಿ ಕೊಡುವ ಕೋಣೆಯಲ್ಲಿ

ಪುಣೆಯ ಬಾಳೇವಾಡಿಯ ಟ್ರ್ಯಾಕ್‌ನಲ್ಲಿ ಓಟ ಮುಗಿಸಿ ಉಸಿರು ಬಿಡುವಷ್ಟರಲ್ಲಿ ಒಬ್ಬರು ಬಂದು ಹೆಸರು ಕರೆದು ಕಾಗದಕ್ಕೆ ಸಹಿ ಕೇಳಬಹುದು. ಆ ಕ್ಷಣದಿಂದ ಅವರು ನಿಮ್ಮನ್ನು ಕಣ್ಣಳತೆಯಿಂದ ಬಿಡುವುದಿಲ್ಲ. ಸೀಲ್ ಇರುವ ನೀರಿನ ಬಾಟಲಿಯಲ್ಲಿ ಒಂದನ್ನು ನೀವೇ ಆರಿಸಿ ಕುಡಿಯಬೇಕು. ಮೂತ್ರ ಹಿಡಿಯುವ ಪಾತ್ರೆಯನ್ನೂ ನೀವೇ ಆರಿಸಬೇಕು. ಶೌಚಾಲಯದೊಳಗೆ ನಿಮ್ಮದೇ ಲಿಂಗದ ಅಧಿಕಾರಿ ನೇರವಾಗಿ ನೋಡುತ್ತಿರುತ್ತಾರೆ. ಹದಿನಾರರ ಹುಡುಗಿಗೆ ಇದು ದೊಡ್ಡ ಮುಜುಗರ. 18 ತುಂಬದವರ ಜೊತೆ ದೊಡ್ಡವರೊಬ್ಬರು ಇರಬಹುದು, ಆ ಅವಕಾಶವನ್ನು ಬಿಡಬೇಡಿ.

ಕನಿಷ್ಠ 90 ಮಿಲಿ ಬೇಕು. ಅದನ್ನು ನೀವೇ ಎ ಮತ್ತು ಬಿ ಎಂಬ ಎರಡು ಗಾಜಿನ ಬಾಟಲಿಗೆ ಸುರಿಯುತ್ತೀರಿ. ಬಾಟಲಿ, ಮುಚ್ಚಳ, ಪೆಟ್ಟಿಗೆ ಮೂರರ ಮೇಲಿನ ನಂಬರ್ ಒಂದೇ ಇರಬೇಕು. ಮುಚ್ಚಳ ತಿರುಗಿಸಿದಾಗ ಟಿಕ್ ಟಿಕ್ ಎನ್ನುತ್ತದೆ, ಹಿಂದಕ್ಕೆ ತಿರುಗುವುದಿಲ್ಲ. ಆಮೇಲೆ ಫಾರ್ಮ್. ಹೋದ 7 ದಿನಗಳಲ್ಲಿ ತೆಗೆದುಕೊಂಡ ಮದ್ದು, ಟಾನಿಕ್, ಪುಡಿ ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಸುಸ್ತಾಗಿರುತ್ತದೆ, ಬಸ್ ಹೊರಡುವ ಹೊತ್ತಾಗಿರುತ್ತದೆ, ಹುಡುಗರು ‘ಏನಿಲ್ಲ’ ಎಂದು ಬರೆದು ಸಹಿ ಹಾಕಿಬಿಡುತ್ತಾರೆ. ಮುಂದೆ ‘ಅದು ಸಿರಪ್‌ನಿಂದ ಬಂದಿದ್ದು’ ಎಂದರೆ ಮೊದಲ ಪ್ರಶ್ನೆಯೇ ‘ಹಾಗಾದರೆ ಫಾರ್ಮ್‌ನಲ್ಲಿ ಯಾಕೆ ಬರೆದಿಲ್ಲ?’ ಇಡೀ ಕೋಣೆಯಲ್ಲಿ ಆಟಗಾರನ ಪರವಾಗಿ ನಿಲ್ಲಬಹುದಾದ ಕಾಗದ ಅದೊಂದೇ. ಅಧಿಕಾರಿಗಳ ಕೆಲಸದಲ್ಲಿ ಏನಾದರೂ ಸರಿ ಕಾಣದಿದ್ದರೆ ಅದನ್ನೂ ಅಲ್ಲೇ ಬರೆಯಬೇಕು.

ಮಾದರಿ ಕೊಡದೆ ಹೊರಟು ಹೋಗುವುದು ಮಾತ್ರ ಬೇಡವೇ ಬೇಡ. ಕುಸ್ತಿಪಟು ಬಜರಂಗ್ ಪೂನಿಯಾ 2024ರ ಮಾರ್ಚ್‌ನಲ್ಲಿ ಮಾದರಿ ಕೊಡಲಿಲ್ಲ, ಅವಧಿ ಮೀರಿದ ಕಿಟ್ ಬಗ್ಗೆ ತಮಗೆ ಉತ್ತರ ಸಿಕ್ಕಿಲ್ಲ ಎಂದರು. ಶಿಸ್ತು ಸಮಿತಿ 4 ವರ್ಷ ನಿಷೇಧ ಹಾಕಿತು. ಯಾವ ಮದ್ದೂ ಸಿಗದೆ ಸ್ಟೀರಾಯ್ಡ್ ಸಿಕ್ಕಷ್ಟೇ ಶಿಕ್ಷೆ.

ಇನ್ನೂ ಒಂದು ಬಗೆ ಇದೆ. ದೊಡ್ಡ ಮಟ್ಟದ ಆಟಗಾರರು ಪ್ರತಿ ದಿನ ಒಂದು ಗಂಟೆ ಎಲ್ಲಿ ಸಿಗುತ್ತೇವೆ ಎಂದು ಮೊದಲೇ ತಿಳಿಸಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ 2 ವರ್ಷ, ಕಡಿಮೆಯಾದರೂ 1 ವರ್ಷ. ವೆಸ್ಟ್ ಇಂಡೀಸ್‌ನ ಕ್ರಿಕೆಟಿಗ ಆಂಡ್ರೆ ರಸೆಲ್ 2017ರಲ್ಲಿ 1 ವರ್ಷ ಹೊರಗಿದ್ದದ್ದು ಇದಕ್ಕೇ. ಮುಂಬೈ ಸೊಸೈಟಿಗಳಲ್ಲಿ ಗೇಟಿನ ವಾಚ್‌ಮನ್‌ಗೆ ಮಗಳ ಹೆಸರು ಗೊತ್ತಿರುವುದಿಲ್ಲ, ಬೆಲ್ ಕೆಟ್ಟಿರುತ್ತದೆ. ಬಂದ ಅಧಿಕಾರಿ ಕೆಳಗಿನಿಂದಲೇ ವಾಪಸ್ ಹೋದರೂ ಒಂದು ಸಲ ತಪ್ಪಿದ ಲೆಕ್ಕಕ್ಕೆ ಬರಬಹುದು. ವಾಚ್‌ಮನ್‌ಗೆ ಹೇಳಿಡುವುದು ಸಣ್ಣ ಕೆಲಸ ಅಲ್ವಾ?

ಮಾದರಿಯನ್ನು 10 ವರ್ಷದ ತನಕ ಇಟ್ಟುಕೊಂಡು ಮತ್ತೆ ಪರೀಕ್ಷೆ ಮಾಡಬಹುದು. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಮಾದರಿ ಮರುಪರೀಕ್ಷೆಯಲ್ಲಿ ಜಮೈಕಾದ ನೆಸ್ಟಾ ಕಾರ್ಟರ್ ಸಿಕ್ಕಿಬಿದ್ದರು. 2017ರಲ್ಲಿ ಇಡೀ ರಿಲೇ ತಂಡದ ಚಿನ್ನ ಹೋಯಿತು. ಅದರಲ್ಲಿ ಉಸೇನ್ ಬೋಲ್ಟ್ ಅವರದ್ದೂ ಒಂದು.

ಏರುವುದು, ಇಳಿಯುವುದು

4 ವರ್ಷದ ಆರೋಪ ಬಂದಾಗ ಆರೋಪ ಪತ್ರ ಸಿಕ್ಕ 20 ದಿನದೊಳಗೆ ತಪ್ಪು ಮತ್ತು ಶಿಕ್ಷೆ ಎರಡನ್ನೂ ಒಪ್ಪಿಕೊಂಡರೆ 1 ವರ್ಷ ಕಡಿಮೆ. ಮದ್ದು ಮಾರುವವರನ್ನು, ಕೊಡುವವರನ್ನು ಹಿಡಿಯಲು ನಿಜವಾಗಿ ನೆರವಾದರೆ ಶಿಕ್ಷೆಯ ಮುಕ್ಕಾಲು ಪಾಲನ್ನು ತಡೆಹಿಡಿಯಬಹುದು. 16 ತುಂಬದ ಮಕ್ಕಳಿಗೆ, ದೊಡ್ಡ ಮಟ್ಟಕ್ಕೆ ಇನ್ನೂ ಹೋಗದ 18ರೊಳಗಿನವರಿಗೆ ನಿಯಮ ಮೆದುವಾಗಿದೆ. ದೊಡ್ಡ ತಪ್ಪಿಲ್ಲ ಎಂದಾದರೆ ಎಚ್ಚರಿಕೆಯಿಂದ 2 ವರ್ಷದೊಳಗೆ ಮುಗಿಯುತ್ತದೆ, ಮದ್ದು ಬಂದ ದಾರಿ ತೋರಿಸಲೇಬೇಕು ಎಂಬ ಕಟ್ಟುಪಾಡೂ ಅವರಿಗಿಲ್ಲ. ಎರಡನೇ ಸಲ ಸಿಕ್ಕಿಬಿದ್ದರೆ ಶಿಕ್ಷೆ ಬೆಳೆಯುತ್ತದೆ. ಮೂರನೇ ಸಲಕ್ಕೆ ಸಾಮಾನ್ಯವಾಗಿ ಜೀವನಪೂರ್ತಿ.

ಮಕ್ಕಳಿಗೆ ಮದ್ದು ಕೊಟ್ಟ ಕೋಚ್‌ಗೆ ಏನು? 4 ವರ್ಷದಿಂದ ಜೀವಮಾನ ನಿಷೇಧದ ತನಕ ಇದೆ. ಈ ಚಿಕ್ಕ ವಯಸ್ಸಿನವರಿಗೆ ಸ್ಟೀರಾಯ್ಡ್ ಥರದ್ದು ಕೊಟ್ಟರೆ ಜೀವಮಾನ ನಿಷೇಧವೇ. ಇದರಲ್ಲಿ ಸ್ವಲ್ಪವೂ ಸಡಿಲ ಇರಬಾರದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ನಿಷೇಧದಲ್ಲಿರುವ ಕೋಚ್ ಹತ್ತಿರ ಕಲಿಯುವುದೂ ಆಟಗಾರನ ತಪ್ಪಾಗುತ್ತದೆ. ಆದ್ದರಿಂದ ಹೊಸ ಕೋಚ್ ಹತ್ತಿರ ಸೇರಿಸುವ ಮೊದಲು ಹೆಸರು ವಿಚಾರಿಸಿ.

ಮೇಲ್ಮನವಿಯಲ್ಲಿ ಶಿಕ್ಷೆ ಇಳಿಯುತ್ತದೆ ಎಂದೇ ಹಲವರ ಲೆಕ್ಕ. ಏರಲೂಬಹುದು. ನಮ್ಮ ಕರ್ನಾಟಕದ ಓಟಗಾರ್ತಿ ಎಂ.ಆರ್. ಪೂವಮ್ಮ ಅವರಿಗೆ ಶಿಸ್ತು ಸಮಿತಿ 3 ತಿಂಗಳು ಕೊಟ್ಟಿತ್ತು. ನಾಡಾ ಮೇಲ್ಮನವಿ ಹಾಕಿತು, 2022ರ ಸೆಪ್ಟೆಂಬರ್‌ನಲ್ಲಿ ಅದು 2 ವರ್ಷವಾಯಿತು.

ನಿಷೇಧದ ದಿನಗಳಲ್ಲಿ ಆ ಆಟವಷ್ಟೇ ಅಲ್ಲ, ಈ ನಿಯಮಕ್ಕೆ ಸೇರಿದ ಯಾವ ಆಟವನ್ನೂ ಆಡುವ ಹಾಗಿಲ್ಲ. ಸಂಸ್ಥೆಗೆ ಸೇರಿದ ಕ್ಲಬ್‌ನಲ್ಲಿ ಕೋಚ್ ಆಗುವ ಹಾಗೂ ಇಲ್ಲ. ಸ್ಕಾಲರ್‌ಶಿಪ್, ಭತ್ಯೆ ನಿಲ್ಲುತ್ತದೆ. ತಂಡದ ಜೊತೆ ತರಬೇತಿಗೆ ಮರಳಬಹುದಾದ್ದು ಕೊನೆಯ 2 ತಿಂಗಳು ಅಥವಾ ಕೊನೆಯ ಕಾಲು ಭಾಗ, ಯಾವುದು ಕಡಿಮೆಯೋ ಅದು. ಪೃಥ್ವಿ ಶಾ ಅವರ 8 ತಿಂಗಳಲ್ಲಿ ಎರಡೂ ಒಂದೇ ಆಗುತ್ತದೆ, ಸೆಪ್ಟೆಂಬರ್ ಮಧ್ಯದಿಂದ ಅವರು ತಂಡದ ಜೊತೆ ಅಭ್ಯಾಸ ಮಾಡಬಹುದಿತ್ತು. ನಡುವೆ ಕದ್ದು ಒಂದು ಪಂದ್ಯ ಆಡಿದರೂ ಮೊದಲಿನಷ್ಟೇ ನಿಷೇಧ ಮತ್ತೆ ಸೇರಬಹುದು.

ಪತ್ರ ಬಂದರೆ

ಎ ಮಾದರಿ ಫೇಲ್ ಆದರೆ ಮೊದಲು ನೋಟಿಸ್ ಬರುತ್ತದೆ. ಸ್ಟೀರಾಯ್ಡ್ ಥರದ್ದಾದರೆ ತಾತ್ಕಾಲಿಕ ಅಮಾನತು ಕಡ್ಡಾಯ. ಆ ದಿನಗಳನ್ನು ಗೌರವಿಸಿ ಆಡದೆ ಕುಳಿತರೆ ಅವು ಅಂತಿಮ ಶಿಕ್ಷೆಯಲ್ಲಿ ಕಳೆದುಹೋಗುತ್ತವೆ. ಬಿ ಮಾದರಿ ಪರೀಕ್ಷೆ ಕೇಳುವ ಹಕ್ಕು ಇದೆ, ಬಾಟಲಿ ತೆರೆಯುವಾಗ ಎದುರಿಗಿರುವ ಹಕ್ಕೂ ಇದೆ. ಬಿ ಮಾದರಿಯಲ್ಲಿ ಅದೇ ಮದ್ದು ಕಾಣದಿದ್ದರೆ ಆ ಫಲಿತಾಂಶ ಬಿದ್ದುಹೋಗುತ್ತದೆ. ಆಮೇಲೆ ಆರೋಪ ಪತ್ರ, ವಿಚಾರಣೆ, ಮೇಲ್ಮನವಿ. ಪ್ರತಿ ಹಂತಕ್ಕೂ ಗಡುವು ಇದೆ, ಒಂದು ತಪ್ಪಿದರೆ ಒಂದು ಹಕ್ಕು ಹೋದ ಹಾಗೆ.

ಪತ್ರ ಕಂಡ ದಿನವೇ ಮನೆಯಲ್ಲಿರುವ ಬಾಟಲಿ, ಡಬ್ಬ, ಚೀಟಿ, ಬಿಲ್ ಎಲ್ಲವನ್ನೂ ಒಂದು ಕಡೆ ಎತ್ತಿಡಿ. ಗಾಬರಿಯಲ್ಲಿ ಏನನ್ನೂ ಎಸೆಯಬೇಡಿ. ಮಗಳನ್ನು ಬೈಯುವುದನ್ನು ಸ್ವಲ್ಪ ಮುಂದಕ್ಕೆ ಹಾಕಿ, ಮೊದಲು ಅವಳು ತಿಂಗಳಲ್ಲಿ ಏನೇನು ನುಂಗಿದಳು ಎಂದು ಕೂತು ಬರೆಯಿರಿ. ಆಮೇಲೆ ಈ ಕೇಸುಗಳನ್ನು ನಡೆಸಿ ಗೊತ್ತಿರುವ ವಕೀಲರನ್ನು ಕಾಣಿ.

ಇದೆಲ್ಲಕ್ಕೂ ಮೊದಲು ಇವತ್ತೇ ಆಗಬೇಕಾದ ಒಂದು ಕೆಲಸ ಇದೆ. ಮಕ್ಕಳ ನೋಂದಣಿ ಫಾರ್ಮ್‌ನಲ್ಲಿ ಯಾವ ಇಮೇಲ್, ಯಾವ ಫೋನ್ ನಂಬರ್ ಇದೆ ಎಂದು ತೆಗೆದು ನೋಡಿ. ಕ್ಲಬ್‌ನವರು ತಮ್ಮದೇ ಇಮೇಲ್ ಹಾಕಿರುತ್ತಾರೆ, ಇಲ್ಲವೇ ಸೈಬರ್ ಕೆಫೆಯವನು ಆ ಹೊತ್ತಿಗೆ ಮಾಡಿಕೊಟ್ಟ, ಪಾಸ್‌ವರ್ಡ್ ಯಾರಿಗೂ ನೆನಪಿಲ್ಲದ ವಿಳಾಸ ಇರುತ್ತದೆ. ನೋಟಿಸ್, ಆರೋಪ ಪತ್ರ ಬರುವುದು ಅಲ್ಲಿಗೆ. ಆ 20 ದಿನದ ಎಣಿಕೆ ಶುರುವಾಗುವುದೂ ಅಲ್ಲಿಂದಲೇ.